ನೋರಾಳ ಗೌನಿನ ಅಳತೆ

ಮೊದಲ ಗೌನನ್ನು ಹೊಲಿದು ಮುಗಿಸಿದ ದಿನ ನಾಟಕ ತಂಡದ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಕಡುಗೆಂಪು ವೆಲ್ವೆಟ್ಟು, ಒಳಗೆ ಪ್ಲಾಸ್ಟಿಕ್ ಪೈಪನ್ನು ಬಳೆಯಂತೆ ಬಗ್ಗಿಸಿ ಉಬ್ಬಿಸಿದ ಲಂಗ, ಎದೆಯ ಮೇಲೆ ದೊಡ್ಡ ಹೂಗಳ ಲೇಸು, ಹಳೆಯ ಎಂಟಾಣೆಯಷ್ಟು ಅಗಲದ ಗುಂಡಿಗಳು. ನೋರಾಳ ಪಾತ್ರ ಮಾಡುವ ಹುಡುಗಿ ಅದನ್ನು ತೊಟ್ಟು ಒಂದು ಸುತ್ತು ತಿರುಗಿದಾಗ ನನಗೂ ಹೆಮ್ಮೆಯಾಯಿತು. ನಿರ್ದೇಶಕರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು: "ಈ ಬಟ್ಟೆ ಕೊಳ್ಳೋಕೆ ಇವಳಿಗೆ ದುಡ್ಡೆಲ್ಲಿಂದ ಬಂತು?"

ನನ್ನ ಬಳಿ ಉತ್ತರ ಇರಲಿಲ್ಲ. ಎಂ.ಎ. ತರಗತಿಯಲ್ಲಿ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ನಾಟಕವನ್ನು ಎರಡು ಸಲ ಓದಿದ್ದೆ, ಪರೀಕ್ಷೆಯಲ್ಲಿ ಅದರ ಬಗ್ಗೆ ಎಂಟು ಪುಟ ಬರೆದಿದ್ದೆ. ಅಮ್ಮನ ಮಿಷನ್ನಿನಲ್ಲಿ ಹದಿನೈದು ವರ್ಷದಿಂದ ಹೊಲಿಯುತ್ತಿದ್ದೇನೆ. ಆದರೆ ಓದು ಒಂದು ಕೋಣೆಯಲ್ಲಿ, ಹೊಲಿಗೆ ಇನ್ನೊಂದು ಕೋಣೆಯಲ್ಲಿ ಇದ್ದವು. ಆ ಪ್ರಶ್ನೆ ನಡುವಿನ ಬಾಗಿಲನ್ನು ತೆರೆಯಿತು. ಆ ಗೌನನ್ನು ಬಿಚ್ಚಿ ಇನ್ನೊಂದನ್ನು ಹೊಲಿಯುತ್ತ ನಾಟಕವನ್ನು ಮೂರನೆಯ ಸಲ ಓದಿದೆ. ಈ ಬರಹ ಆ ಮೂರನೆಯ ಓದಿನದು.

ಒಂದು ಶತಮಾನ, ಹತ್ತು ಆಕಾರ

ನನ್ನ ಮೊದಲ ತಪ್ಪು ಕಾಲದ್ದು. 'ಹತ್ತೊಂಬತ್ತನೆಯ ಶತಮಾನದ ಗೌನು' ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಒಂದೇ ಆಕಾರ: ಸಣ್ಣ ನಡು, ಅದರ ಕೆಳಗೆ ಗಂಟೆಯಂತೆ ಅಗಲವಾದ ಲಂಗ. ನಿಜಕ್ಕೂ ಆ ಆಕಾರ ಬಾಳಿದ್ದು ಕೆಲವೇ ದಶಕ. 1810ರ ಸುಮಾರಿಗೆ ಗೌನಿನ ನಡು ಎದೆಯ ಕೆಳಗೇ ಇತ್ತು. ತೆಳು ಮಸ್ಲಿನ್ ಅಲ್ಲಿಂದ ನೇರವಾಗಿ ಇಳಿಯುತ್ತಿತ್ತು. 1830ರ ಹೊತ್ತಿಗೆ ನಡು ತನ್ನ ಜಾಗಕ್ಕೆ ಬಂದು ತೋಳುಗಳು ದಿಂಬಿನಂತೆ ಉಬ್ಬಿದವು. 1840ರ ದಶಕದಲ್ಲಿ ತೋಳು ಸೊರಗಿತು, ಭುಜದ ಗೆರೆ ಜಾರಿ ಮೇಲ್ದೋಳಿನವರೆಗೆ ಇಳಿಯಿತು. 1856ರಲ್ಲಿ ಉಕ್ಕಿನ ಬಳೆಗಳ ಕ್ರಿನೊಲಿನ್‌ಗೆ ಪೇಟೆಂಟ್ ಸಿಕ್ಕ ಮೇಲೆ ಲಂಗ ಅಗಲವಾಗುತ್ತ 1860ರ ಸುಮಾರಿಗೆ ತುತ್ತತುದಿ ಮುಟ್ಟಿತು. ಆಮೇಲೆ ಮುಂಭಾಗ ಚಪ್ಪಟೆಯಾಯಿತು, ಭಾರವೆಲ್ಲ ಹಿಂದಕ್ಕೆ ಸರಿದು ಸೊಂಟದ ಮೇಲೆ 'ಬಸಲ್' ಆಗಿ ಕೂತಿತು. 1876ರಿಂದೀಚೆಗೆ ಅದೂ ಕುಸಿಯಿತು. ರವಿಕೆಯ ಭಾಗ ಸೊಂಟ ದಾಟಿ ತೊಡೆಯವರೆಗೆ ಮೈಗಂಟಿಕೊಂಡು ಇಳಿಯಿತು, ಲಂಗ ಕಾಲಿಗೆ ಸುತ್ತಿಕೊಂಡಿತು. 1883ರ ಹೊತ್ತಿಗೆ ಬಸಲ್ ಮರಳಿ ಬಂತು. 1895ರಲ್ಲಿ ತೋಳು ಮತ್ತೆ ದಿಂಬಾಯಿತು.

ಇಬ್ಸೆನ್‌ನ ನಾಟಕ ಪ್ರಕಟವಾಗಿ, ಕೋಪನ್‌ಹೇಗನ್ನಿನ ರಾಯಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ಕಂಡದ್ದು 1879ರ ಡಿಸೆಂಬರಿನಲ್ಲಿ. ಎಂದರೆ ಗೌನು ತೀರ ಇಕ್ಕಟ್ಟಾಗಿದ್ದ ಕೆಲವೇ ವರ್ಷಗಳ ಒಳಗೆ. ನಾನು ಹೊಲಿದದ್ದು ಅದಕ್ಕೆ ಇಪ್ಪತ್ತು ವರ್ಷ ಹಿಂದಿನದು. ನೋರಾಳಿಗೆ ಅವಳ ಅತ್ತೆಯ ಮದುವೆ ಗೌನನ್ನು ತೊಡಿಸಿದಂತಾಗಿತ್ತು.

ಇದು ನನ್ನೊಬ್ಬಳ ತಪ್ಪಲ್ಲ. 1940ರಲ್ಲಿ ಎಂಜಿಎಂ ಸ್ಟುಡಿಯೋ 'ಪ್ರೈಡ್ ಅಂಡ್ ಪ್ರಿಜುಡಿಸ್' ಚಿತ್ರ ತೆಗೆದಾಗ, 1813ರ ಆ ಕಾದಂಬರಿಯ ಹೆಣ್ಣುಮಕ್ಕಳಿಗೆ ವಸ್ತ್ರವಿನ್ಯಾಸಕ ಏಡ್ರಿಯನ್ ತೊಡಿಸಿದ್ದು 1830ರ ದಶಕದ ಉಬ್ಬು ತೋಳು, ಅಗಲ ಲಂಗ. ಕಣ್ಣಿಗೆ ಹಬ್ಬ. ಆದರೆ ಜೇನ್ ಆಸ್ಟೆನ್‌ಳ ಎಲಿಜಬೆತ್ ಮೂರು ಮೈಲಿ ಕೆಸರಲ್ಲಿ ನಡೆದು ಬಂದಾಗ ಶ್ರೀಮಂತ ಅಕ್ಕತಂಗಿಯರು ಅವಳ ಒಳಲಂಗಕ್ಕೆ ಎಷ್ಟು ಅಂಗುಲ ಕೆಸರು ಹತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಬಟ್ಟೆ ಕಡಿಮೆ ಇದ್ದಾಗ, ಗೆರೆ ನೇರವಾಗಿದ್ದಾಗ ಮಾತ್ರ ಅಂಥ ಲೆಕ್ಕಕ್ಕೆ ಅರ್ಥ. ಎಲ್ಲರಿಗೂ ಮಾರುಗಟ್ಟಲೆ ಲಂಗ ಉಡಿಸಿದರೆ ಬೆನೆಟ್ ಮನೆಯ ಹುಡುಗಿಯರೂ ಬಿಂಗ್ಲಿ ಮನೆಯ ಹೆಂಗಸರೂ ಒಂದೇ ಅಂತಸ್ತಿನವರಂತೆ ಕಾಣುತ್ತಾರೆ. ಕಾದಂಬರಿ ನಿಂತಿರುವುದೇ ಆ ಅಂತರದ ಮೇಲೆ.

ಎಂಟರಿಂದ ಗುಣಿಸಿದರೆ ಸಾಲದು

ಎರಡನೆಯ ಗೌನಿಗೆ ಜ್ಯಾನೆಟ್ ಆರ್ನಾಲ್ಡ್ ಅವರ 'ಪ್ಯಾಟರ್ನ್ಸ್ ಆಫ್ ಫ್ಯಾಶನ್' ಪುಸ್ತಕ ಹಿಡಿದು ಕೂತೆ. ಉಳಿದುಬಂದ ನಿಜವಾದ ಉಡುಪುಗಳನ್ನು ಸೀಮೆ ಸೀಮೆಯಾಗಿ ಅಳೆದು ಆಕೆ ಎಂಟನೇ ಒಂದು ಪಾಲಿನ ಪ್ರಮಾಣದಲ್ಲಿ ನಕ್ಷೆ ಬರೆದಿದ್ದಾರೆ. ಎರಡನೆಯ ಸಂಪುಟ 1860ರಿಂದ 1940ರವರೆಗಿನದು. ಎಂಟರಿಂದ ಗುಣಿಸಿದರೆ ಆಯಿತು ಎಂದುಕೊಂಡೆ. ನಾನು ಆರಿಸಿದ ನಕ್ಷೆಯ ನಡು ನಮ್ಮ ಹುಡುಗಿಯ ನಡುವಿಗಿಂತ ಏಳು ಅಂಗುಲ ಚಿಕ್ಕದಿತ್ತು. ಆ ಏಳು ಅಂಗುಲವನ್ನು ಎಲ್ಲ ತುಂಡುಗಳಿಗೂ ಸಮವಾಗಿ ಹಂಚಿ ಕೋರಾ ಬಟ್ಟೆಯಲ್ಲಿ ಕತ್ತರಿಸಿ ಟಾಕು ಹಾಕಿದೆ. ಮೈಗೆ ಸರಿಯಾಗಿ ಕೂತಿತು. ನೋಡಲು ಮಾತ್ರ ನರ್ಸರಿ ಟೀಚರಿನ ಕೋಟಿನಂತಿತ್ತು.

ನಮ್ಮ ಬೀದಿಯ ಟೈಲರಿಗೆ ತೋರಿಸಿದೆ. ನಲವತ್ತು ವರ್ಷದಿಂದ ಸೀರೆ ರವಿಕೆ ಹೊಲಿಯುತ್ತಿರುವವರು. ಅವರು ನಕ್ಷೆಯನ್ನು ನೋಡಲಿಲ್ಲ, ಬೆನ್ನನ್ನು ನೋಡಿದರು. "ಬೆನ್ನಿಗೆ ಯಾಕೆ ಕೊಟ್ರಿ ಮೇಡಂ? ಬೆನ್ನು ಹಂಗೇ ಇರಲಿ, ಕಂಕುಳ ಕೆಳಗೆ ಬಿಡಿ. ಅಲ್ಲಿ ಯಾರೂ ನೋಡಲ್ಲ" ಎಂದರು.

ಆ ಕಾಲದ ದರ್ಜಿಗಳ ಗುಟ್ಟೂ ಅದೇ. ನಡು ಸಣ್ಣಗೆ ಕಾಣುವುದು ಬಿಗಿದದ್ದರಿಂದ ಮಾತ್ರವಲ್ಲ. ಬೆನ್ನಿನ ನಡುವಿನ ತುಂಡು ತೀರ ಕಿರಿದು, ಕೆಳಗೆ ಬಂದಂತೆ ಇನ್ನೂ ಕಿರಿದು. ಅದರ ಪಕ್ಕದ ಹೊಲಿಗೆಗಳು ತೋಳಿನ ಕಡೆಯಿಂದ ಬಾಗಿ ಇಳಿದು ನಡುವಿನ ಹತ್ತಿರ ಬಹುತೇಕ ಕೂಡಿಕೊಳ್ಳುತ್ತವೆ. ಭುಜದ ಹೊಲಿಗೆ ನಮ್ಮ ರವಿಕೆಯಲ್ಲಿರುವಂತೆ ಭುಜದ ನೆತ್ತಿಯ ಮೇಲಿರದೆ ಹಿಂದಕ್ಕೆ ಸರಿದಿರುತ್ತದೆ. ಕಣ್ಣು ಹೊಲಿಗೆಯ ಗೆರೆಗಳನ್ನು ಹಿಂಬಾಲಿಸುತ್ತದೆ, ಗೆರೆಗಳು ಒಂದು ಬಿಂದುವಿಗೆ ಇಳಿಯುತ್ತವೆ, ಆ ಬಿಂದುವನ್ನೇ ನಾವು ನಡು ಎನ್ನುತ್ತೇವೆ. ನಡು ಮೂವತ್ತೊಂದು ಅಂಗುಲವಿದ್ದರೂ ಆಗುತ್ತದೆ. ಆ ಹುಡುಗಿಯನ್ನು ಇಪ್ಪತ್ನಾಲ್ಕಕ್ಕೆ ಬಿಗಿಯುವ ಅಗತ್ಯವೇ ಇರಲಿಲ್ಲ. ಉಳಿಸಿಕೊಳ್ಳಬೇಕಾದದ್ದು ಅಂಗುಲವನ್ನಲ್ಲ, ಒಂದಕ್ಕೊಂದರ ಸಂಬಂಧವನ್ನು.

ತೋಳಿನ ಕಂಡಿಯದೂ ಇದೇ ಕಥೆ. ಇಂದಿನ ಸಿದ್ಧ ಉಡುಪುಗಳಲ್ಲಿ ಕಂಕುಳು ಆಳವಾಗಿರುತ್ತದೆ. ಯಾರಿಗಾದರೂ ಆಗಲಿ ಎಂದು. ಹಾಗೆ ಕತ್ತರಿಸಿದರೆ ತೋಳೆತ್ತಿದಾಗ ಇಡೀ ರವಿಕೆ ಮೇಲಕ್ಕೆ ಬರುತ್ತದೆ. ಕಂಡಿ ಚಿಕ್ಕದಾಗಿ ಕಂಕುಳಿಗೆ ಹತ್ತಿರವಿದ್ದರೆ ತೋಳು ಮಾತ್ರ ಎದ್ದು ಮೈ ಕದಲದೆ ನಿಲ್ಲುತ್ತದೆ. ಸೀರೆ ರವಿಕೆ ಹೊಲಿಸಿಕೊಳ್ಳುವ ಎಲ್ಲರಿಗೂ ಗೊತ್ತಿರುವ ಸಂಗತಿ. ನಾಟಕದಲ್ಲಿ ನೋರಾ ಕ್ರಿಸ್‌ಮಸ್ ಮರವನ್ನು ಸಿಂಗರಿಸುತ್ತಾಳೆ. ಕೋರಾ ಬಟ್ಟೆಯ ಮೊದಲ ಪ್ರಯತ್ನದಲ್ಲಿ ನಮ್ಮ ಹುಡುಗಿ ಕೈಯೆತ್ತಿದಾಗಲೆಲ್ಲ ಸೊಂಟದ ಹತ್ತಿರ ಬಟ್ಟೆ ಸುಕ್ಕುಗಟ್ಟಿ ಮೇಲೇರುತ್ತಿತ್ತು; ಅವಳು ಮಾತು ಮರೆತು ಅದನ್ನು ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು.

ಇನ್ನೊಂದು ಎಚ್ಚರಿಕೆ ಆ ಕಾಲದ ಫ್ಯಾಶನ್ ಚಿತ್ರಗಳ ಬಗ್ಗೆ. ಅವುಗಳಲ್ಲಿ ತಲೆ, ಪಾದ ಪುಟ್ಟವು, ಮೈ ನೀಳ. ಅಂಥ ಹೆಂಗಸು ಎಲ್ಲೂ ಇರಲಿಲ್ಲ. ಅದನ್ನು ನೋಡಿ ಲಂಗದ ಉದ್ದ ಲೆಕ್ಕ ಹಾಕಿದರೆ ಕೆಡುತ್ತದೆ. ಒಳ ಉಡುಪನ್ನು ಮೊದಲು ಹೊಲಿದು, ಅದನ್ನು ತೊಡಿಸಿದ ಮೇಲೆ ಅಳತೆ ತೆಗೆಯಬೇಕು. ನಾನು ಚೂಡಿದಾರದ ಮೇಲೆ ಟೇಪು ಹಿಡಿದು ಅಳತೆ ತೆಗೆದಿದ್ದೆ. ನಾಟಕದ ಪಠ್ಯ ಬಿಟ್ಟು ಅದರ ಗೈಡ್ ಓದಿ ಪರೀಕ್ಷೆ ಬರೆದ ಹಾಗೆ.

ಬೊಂಬೆಯ ಬಟ್ಟೆ

ಮೊದಲ ಗೌನಿನ ದೊಡ್ಡ ಗುಂಡಿ, ದೊಡ್ಡ ಹೂವಿನ ಲೇಸು ನೋಡಿ ತಂಡದ ಒಬ್ಬ ಹುಡುಗ ಮೆಚ್ಚಿ ಹೇಳಿದ್ದ: "ಅಕ್ಕಾ, ಥೇಟ್ ಬೊಂಬೆ. ನಾಟಕದ ಹೆಸರಿಗೆ ಸರಿಯಾಗಿದೆ." ಆಗ ಅದು ಹೊಗಳಿಕೆಯಂತೆ ಕೇಳಿಸಿತ್ತು.

ಬೊಂಬೆಯ ಬಟ್ಟೆ ಯಾಕೆ ಬೊಂಬೆಯ ಬಟ್ಟೆಯಂತೆ ಕಾಣುತ್ತದೆ? ಮೈಯನ್ನು ಚಿಕ್ಕದು ಮಾಡಬಹುದು, ನೂಲನ್ನು ಮಾಡಲಾಗುವುದಿಲ್ಲ. ಬಟ್ಟೆಯ ದಪ್ಪ ಅಷ್ಟೇ ಉಳಿಯುತ್ತದೆ, ನೆರಿಗೆ ಬೀಳದೆ ಸೆಟೆದು ನಿಲ್ಲುತ್ತದೆ. ಅಚ್ಚಿನ ಹೂವು, ಗುಂಡಿ, ಲೇಸು ಮೈಗಿಂತ ದೊಡ್ಡದಾಗುತ್ತವೆ. ಅದೇ ತಪ್ಪನ್ನು ಮನುಷ್ಯರ ಮೈಮೇಲೆ ಮಾಡಿದರೆ ಮನುಷ್ಯರೂ ಬೊಂಬೆಯಾಗುತ್ತಾರೆ. 1870ರ ದಶಕದ ಕೊನೆಯ ರವಿಕೆಗಳಲ್ಲಿ ಗುಂಡಿಗಳು ಪುಟ್ಟವು, ಹತ್ತಿರ ಹತ್ತಿರ, ಒಂದೇ ಸಾಲಿನಲ್ಲಿ ಉದ್ದಕ್ಕೂ ಇಳಿಯುತ್ತವೆ. ನನ್ನ ಗೌನಿನಲ್ಲಿ ಆರೇ ಇದ್ದವು.

ವಿಮರ್ಶೆಯ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ನೋರಾಳನ್ನು ಬೊಂಬೆಯಂತೆ ಅಲಂಕರಿಸುವುದು ನಾಟಕಕ್ಕೆ ಸೇವೆಯೋ ಅನ್ಯಾಯವೋ? ಎಷ್ಟೋ ಪ್ರದರ್ಶನಗಳು ಇದನ್ನೇ ಸಂಕೇತ ಎಂದು ಮಾಡುತ್ತವೆ: ಗುಲಾಬಿ ರಿಬ್ಬನ್ನು, ಉಬ್ಬು ಲಂಗ, ಕೆನ್ನೆಗೆ ಬಣ್ಣ. ಅನ್ಯಾಯವೆಂದೇ ನನ್ನ ಅಭಿಪ್ರಾಯ. ತಾನು ಮೊದಲು ಅಪ್ಪನ, ಆಮೇಲೆ ಗಂಡನ ಬೊಂಬೆಯಾಗಿದ್ದೆ ಎಂಬ ಮಾತನ್ನು ನೋರಾ ಕಂಡುಕೊಳ್ಳುವುದು ಕೊನೆಯ ಅಂಕದಲ್ಲಿ. ಪರದೆ ಸರಿದ ಕ್ಷಣವೇ ಪ್ರೇಕ್ಷಕರಿಗೆ ಅದು ಗೊತ್ತಾಗಿಬಿಟ್ಟರೆ ಅವಳು ಕಂಡುಕೊಳ್ಳಲು ಏನೂ ಉಳಿಯುವುದಿಲ್ಲ. ಅವಳು ನಮಗಿಂತ ಎರಡೂವರೆ ಗಂಟೆ ಹಿಂದೆ ಉಳಿದ ಪೆದ್ದಿಯಾಗುತ್ತಾಳೆ. ನಾಟಕದ ಹೆಸರನ್ನು ಗೌನಿನ ಮೇಲೆ ಬರೆಯುವ ವಿನ್ಯಾಸಕಿ ನಾಟಕದ ಕೊನೆಯನ್ನು ಮೊದಲೇ ಹೇಳಿಬಿಡುತ್ತಾಳೆ.

ಅರ್ಧ ದುಡ್ಡಿನ ಬಟ್ಟೆ

ಇನ್ನು ನಿರ್ದೇಶಕರ ಪ್ರಶ್ನೆ. ದುಡ್ಡೆಲ್ಲಿಂದ ಬಂತು?

ಉತ್ತರ ಮೊದಲನೆಯ ಅಂಕದಲ್ಲೇ ಇದೆ, ನಾನು ಎರಡು ಸಲವೂ ದಾಟಿ ಹೋಗಿದ್ದೆ. ಗಂಡನ ಪ್ರಾಣ ಉಳಿಸಲು ಗುಟ್ಟಾಗಿ ಮಾಡಿದ ಸಾಲವನ್ನು ಹೇಗೆ ತೀರಿಸುತ್ತಿದ್ದೇನೆಂದು ನೋರಾ ಗೆಳತಿ ಕ್ರಿಸ್ಟೀನೆ ಲಿಂಡೆಗೆ ಹೇಳುತ್ತಾಳೆ. ಬಟ್ಟೆಗೆಂದು ಟೋರ್ವಾಲ್ಡ್ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅವಳೆಂದೂ ಖರ್ಚು ಮಾಡಿಲ್ಲ. ಕೊಳ್ಳುವುದು ಯಾವಾಗಲೂ ಅತಿ ಸಾದಾ, ಅತಿ ಅಗ್ಗದ್ದು. ಪುಣ್ಯಕ್ಕೆ ಏನು ತೊಟ್ಟರೂ ಅವಳಿಗೆ ಒಪ್ಪುತ್ತದೆ, ಹಾಗಾಗಿ ಅವನಿಗೆ ತಿಳಿಯುವುದೇ ಇಲ್ಲ. ಮಿಕ್ಕದ್ದು ಚಿಲ್ಲರೆ ಹೊಲಿಗೆ, ಕಸೂತಿ, ಮತ್ತು ಹಿಂದಿನ ಚಳಿಗಾಲದಲ್ಲಿ ರಾತ್ರಿ ಬಾಗಿಲು ಹಾಕಿಕೊಂಡು ಮಾಡಿದ ನಕಲು ಬರೆಯುವ ಕೆಲಸದಿಂದ.

ಏನು ತೊಟ್ಟರೂ ಒಪ್ಪುತ್ತದೆ ಎಂಬುದನ್ನು ನಾವು ಅವಳ ರೂಪದ ಬಗೆಗಿನ ಮಾತು ಎಂದು ಓದುತ್ತೇವೆ. ಹೊಲಿಯುವವಳಾಗಿ ನಾನೀಗ ಬೇರೆಯಾಗಿ ಓದುತ್ತೇನೆ. ಅಗ್ಗದ ಬಟ್ಟೆ ದುಬಾರಿಯಂತೆ ಕಾಣುವುದು ತನ್ನಷ್ಟಕ್ಕೆ ಆಗುವುದಲ್ಲ. ಬೆನ್ನಿನ ಗೆರೆ ಕಿರಿದಾಗಿ, ನಡು ತನ್ನ ಜಾಗದಲ್ಲಿ ಕೂತು, ಗುಂಡಿಸಾಲು ನೇರವಾಗಿ ಇಳಿದಾಗ ಸಾದಾ ಉಣ್ಣೆ ಬಟ್ಟೆಯೂ ಕಣ್ಣಿಗೆ ಮೋಸ ಮಾಡುತ್ತದೆ. ಬಟ್ಟೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಅಳತೆಗೆ ದುಡ್ಡಿಲ್ಲ. ಅದಕ್ಕೆ ಬೇಕಾದದ್ದು ಕಣ್ಣು ಮತ್ತು ತಾಳ್ಮೆ. ನೋರಾಳ ಸಾಲದ ಕಂತುಗಳು ಅವಳ ಗೌನಿನ ಅಳತೆಯೊಳಗೆ ಅಡಗಿವೆ. ಅವಳ ಬುದ್ಧಿವಂತಿಕೆಗೆ ಮೊದಲ ಸಾಕ್ಷಿ ಅವಳ ಮೈಮೇಲೇ ಇದೆ, ಟೋರ್ವಾಲ್ಡ್ ಅದನ್ನು ದಿನಾ ನೋಡುತ್ತಾನೆ, ನೋಡಿ ಮೆಚ್ಚುತ್ತಾನೆ, ಕಾಣುವುದಿಲ್ಲ.

ಟೋರ್ವಾಲ್ಡ್‌ನ ಕಣ್ಣು ಎಂಥದ್ದೆಂದು ಇಬ್ಸೆನ್ ಕೊನೆಯ ಅಂಕದಲ್ಲಿ ಬೇರೆಯಾಗಿ ತೋರಿಸುತ್ತಾನೆ. ಹೆಣಿಗೆ ಹಾಕುವ ಕ್ರಿಸ್ಟೀನೆಗೆ ಅವನು ಉಪದೇಶ ಕೊಡುತ್ತಾನೆ: ಹೆಣಿಗೆ ಬಿಟ್ಟು ಕಸೂತಿ ಮಾಡಬೇಕು, ಅದರಲ್ಲಿ ಕೈ ಬೀಸುವುದು ಚೆಂದ, ಹೆಣಿಗೆಯಲ್ಲಿ ತೋಳು ಮುದುಡಿ ಕುರೂಪವಾಗಿ ಕಾಣುತ್ತದೆ. ಹೆಂಗಸಿನ ಕೆಲಸ ಏನನ್ನು ಮಾಡಿಕೊಟ್ಟಿತು ಎಂಬುದು ಅವನಿಗೆ ಬೇಡ, ಮಾಡುವಾಗ ಹೇಗೆ ಕಾಣುತ್ತಾಳೆ ಎಂಬುದು ಬೇಕು. ಗೆರೆಯ ಬಗ್ಗೆ ಇಷ್ಟು ಸೂಕ್ಷ್ಮವಾದ ಕಣ್ಣನ್ನೇ ನೋರಾ ವರ್ಷಗಟ್ಟಲೆ ಗೆರೆಯಿಂದಲೇ ವಂಚಿಸಿದ್ದಾಳೆ.

ಹಾಗಾಗಿ ವೆಲ್ವೆಟ್ಟು ಹೋಯಿತು. ಚಿಕ್ಕಪೇಟೆಯಲ್ಲಿ ಮೀಟರಿಗೆ ತೊಂಬತ್ತು ರೂಪಾಯಿಯ ಬೂದು ಮಿಶ್ರಿತ ನೀಲಿ ಬಟ್ಟೆ ತಂದೆ. ಅಂಚಿಗೆ ಅದೇ ಬಟ್ಟೆಯ ಸಣ್ಣ ನೆರಿಗೆಪಟ್ಟಿ. ಲೇಸಿಲ್ಲ.

ಒಳಗಿನ ಲಾಡಿ

ಆ ವರ್ಷಗಳ ಲಂಗದಲ್ಲಿ ಹೊರಗೆ ಕಾಣದ ಒಂದು ವ್ಯವಸ್ಥೆ ಇತ್ತು. ಒಳಗೆ, ತೊಡೆಯ ಹಿಂದೆ, ಅಡ್ಡಲಾಗಿ ಲಾಡಿಗಳನ್ನು ಹೊಲಿದು ಕಟ್ಟುತ್ತಿದ್ದರು. ಕಟ್ಟಿದಾಗ ಬಟ್ಟೆಯೆಲ್ಲ ಹಿಂದಕ್ಕೆ ಸರಿದು ಮುಂಭಾಗ ಕಾಲಿಗೆ ಅಂಟಿ ನಿಲ್ಲುತ್ತಿತ್ತು. ಕೂರುವುದಕ್ಕೂ ಮೆಟ್ಟಿಲು ಹತ್ತುವುದಕ್ಕೂ ಪಡುವ ಪಾಡನ್ನು ಲಂಡನ್ನಿನ 'ಪಂಚ್' ಪತ್ರಿಕೆ ವ್ಯಂಗ್ಯಚಿತ್ರಗಳಲ್ಲಿ ಗೇಲಿ ಮಾಡಿತ್ತು. ನಾಟಕ ಬಂದ ಎರಡೇ ವರ್ಷಕ್ಕೆ, 1881ರಲ್ಲಿ, ಹೆಂಗಸರ ಉಡುಪಿನ ಸುಧಾರಣೆಗೆಂದು ಅದೇ ಊರಿನಲ್ಲಿ 'ರ್‍ಯಾಷನಲ್ ಡ್ರೆಸ್ ಸೊಸೈಟಿ' ಹುಟ್ಟಿಕೊಂಡಿತು. ಉಡುಪು ಆಗ ಬರೀ ಅಲಂಕಾರದ ಮಾತಾಗಿರಲಿಲ್ಲ.

ಲಾಡಿ ಕಟ್ಟಿದ ಲಂಗದಲ್ಲಿ ನಮ್ಮ ಹುಡುಗಿಯ ಹೆಜ್ಜೆ ಒಂದು ಮೊಳಕ್ಕೆ ಇಳಿಯಿತು. "ಅಕ್ಕಾ, ಓಡೋಕಾಗಲ್ಲ. ಬೇಗ ಹೋಗ್ಬೇಕು ಅಂದ್ರೆ ಪುಟುಪುಟು ಅಂತ ಹೋಗ್ಬೇಕು" ಎಂದಳು. ಹೋಗಿ ತೋರಿಸಿದಳು. ಅಲ್ಲಿದ್ದವರೆಲ್ಲ ನಕ್ಕರು. ಆ ನಡಿಗೆ ಥೇಟ್ ಅಳಿಲಿನದು. ಟೋರ್ವಾಲ್ಡ್ ಹೆಂಡತಿಯನ್ನು ಕರೆಯುವ ಮುದ್ದಿನ ಹೆಸರುಗಳಲ್ಲಿ ಅಳಿಲೂ ಒಂದು. ಅದು ಅವಳ ಸ್ವಭಾವ ಎಂದು ಅವನು ತಿಳಿದಿದ್ದಾನೆ. ಲಾಡಿಯನ್ನು ಕಟ್ಟಿ ನೋಡಿದ ನನಗೆ ಅದು ಸ್ವಭಾವ ಅನ್ನಿಸಲಿಲ್ಲ. ಇಬ್ಸೆನ್ ಹೀಗೆಂದು ಬರೆದಿಲ್ಲ. ಇದು ನನ್ನ ಓದು. ಆದರೆ ಅಗಲವಾದ ಕ್ರಿನೊಲಿನ್‌ನಲ್ಲಿ ಈ ಓದಿಗೆ ದಾರಿಯೇ ಇಲ್ಲ, ಅದರೊಳಗೆ ಕಾಲಿಗೆ ಬೇಕಾದಷ್ಟು ಜಾಗ.

ನಾಟಕದಲ್ಲಿ ಇನ್ನೊಂದು ಉಡುಪಿದೆ: ವೇಷದ ಕೂಟಕ್ಕೆ ನೋರಾ ತೊಡುವ ನೇಪಲ್ಸಿನ ಬೆಸ್ತರ ಹುಡುಗಿಯ ಉಡುಪು. ಅದನ್ನು ಇಟಲಿಯಲ್ಲಿ ಅವಳಿಗಾಗಿ ಹೊಲಿಸಿದವನು ಟೋರ್ವಾಲ್ಡ್. ಈಗ ಅದು ಹರಿದಿದೆ, ಕ್ರಿಸ್ಟೀನೆ ಕೂತು ತೇಪೆ ಹಾಕುತ್ತಾಳೆ. ಅದನ್ನು ತೊಟ್ಟು ನೋರಾ ಟರಾಂಟೆಲ್ಲಾ ಕುಣಿಯುತ್ತಾಳೆ. ಎಲ್ಲ ಬಯಲಾದ ಮೇಲೆ ಅವಳು ಒಳಗೆ ಹೋಗಿ ಅದನ್ನು ಕಳಚಿ ದಿನದ ಬಟ್ಟೆ ತೊಟ್ಟು ಬರುತ್ತಾಳೆ. ಬಟ್ಟೆ ಬದಲಿಸಿದ ಮೇಲೆಯೇ ಮಾತಿಗೆ ಕೂರುತ್ತಾಳೆ. ನನ್ನ ಮಟ್ಟಿಗೆ ನಾಟಕದ ತಿರುವು ಅದು. ಬಾಗಿಲಿನ ಸದ್ದು ಅದರ ಮುಂದುವರಿಕೆ. ಅವನು ಹೊಲಿಸಿಕೊಟ್ಟದ್ದನ್ನು ಕಳಚಿ, ತಾನು ಅರ್ಧ ದುಡ್ಡಿನಲ್ಲಿ ತಂದದ್ದನ್ನು ತೊಟ್ಟಿದ್ದಾಳೆ. ತನ್ನದಾದದ್ದನ್ನು ಮಾತ್ರ ಒಯ್ಯುತ್ತೇನೆ ಎಂದು ಆಮೇಲೆ ಹೇಳುತ್ತಾಳೆ. ಆ ಗೌನು ಅವಳದೇ ಎಂದು ಖಚಿತವಾಗಿ ಹೇಳಲಾರೆ, ದುಡ್ಡು ಅವನದು. ಆದರೆ ಉಳಿದರ್ಧದಲ್ಲಿ ಅವನ ಪ್ರಾಣದ ಸಾಲದ ಕಂತು ಕಟ್ಟಿದ್ದಾಳೆ. ಅವರಿಬ್ಬರ ಮದುವೆಯ ಲೆಕ್ಕಪುಸ್ತಕ ಆ ಗೌನೇ.

ಈ ಮಾತು ರಂಗದ ಮೇಲೆ ಸಿದ್ಧಿಸಬೇಕಾದರೆ ಮೊದಲ ಅಂಕದಲ್ಲಿ ಕಂಡ ಗೌನೇ ಕೊನೆಯಲ್ಲೂ ಬರಬೇಕು, ಅದು ಅಗ್ಗದ್ದಾಗಿರಬೇಕು, ಅಗ್ಗದ್ದೆಂದು ತಿಳಿಯಬಾರದು. ಸೀರೆಯಲ್ಲೇ ಆಡಬಾರದೇಕೆ ಎಂದು ತಂಡದಲ್ಲಿ ಚರ್ಚೆಯಾಗಿತ್ತು. ಖಂಡಿತ ಆಡಬಹುದು, ಆಗ ನೋರಾಳಿಗೆ ರೇಷ್ಮೆಯಂತೆ ಕಾಣುವ ಆರ್ಟ್ ಸಿಲ್ಕ್ ಉಡಿಸಬೇಕು, ಲೆಕ್ಕ ತಪ್ಪುವುದಿಲ್ಲ. ಗೌನೂ ಬೇಕು, ಅದರ ಅಳತೆ ಮಾತ್ರ ಬೇಡ ಎಂದರೆ ನಾಟಕದ ಅರ್ಧ ಲೆಕ್ಕ ಅಳಿಸಿಹೋಗುತ್ತದೆ.

ಪ್ರದರ್ಶನದ ದಿನ ನಮ್ಮ ಹುಡುಗಿ ಕೊನೆಯಲ್ಲಿ ಅದೇ ಮೊಳದುದ್ದದ ಹೆಜ್ಜೆಯಲ್ಲಿ ನಡೆದಳು. ಪುಟುಪುಟು ಹೋಗದೆ, ಒಂದೊಂದೇ ಹೆಜ್ಜೆ ಇಟ್ಟು ನಿಧಾನವಾಗಿ ಬಾಗಿಲವರೆಗೆ ಹೋದಳು.

ಬೀದಿಯ ಟೈಲರೂ ನೋಡಲು ಬಂದಿದ್ದರು. ಮುಗಿದ ಮೇಲೆ ಗ್ರೀನ್ ರೂಮಿಗೆ ಬಂದು ಗೌನಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ಮೀಟರಿಗೆ ಎಷ್ಟು ಎಂದು ಕೇಳಿದರು. ತೊಂಬತ್ತು ಎಂದೆ.

"ಮುಟ್ಟೋವರ್ಗೂ ಗೊತ್ತೇ ಆಗ್ಲಿಲ್ಲ ಮೇಡಂ" ಎಂದರು.